ಕತ್ತರಿಯ ಕೆಳಗೆ ಅಂಡಾಶಯ: ಒಂದು ನೋವಿನ ಚರಿತ್ರೆ

1952ರ ಏಪ್ರಿಲ್ ತಿಂಗಳು. ಲಾಸ್ ಏಂಜಲೀಸಿನ ಆಸ್ಪತ್ರೆಯೊಂದರಲ್ಲಿ ಅಪೆಂಡಿಕ್ಸ್ ತೆಗೆಸಿಕೊಳ್ಳಲು ಇಪ್ಪತ್ತೈದರ ಹರೆಯದ ಹೆಣ್ಣೊಬ್ಬಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದ್ದಳು. ಹೊದಿಕೆ ಸರಿಸಿದ ವೈದ್ಯರಿಗೆ ಅವಳ ಹೊಟ್ಟೆಯ ಮೇಲೆ ಟೇಪಿನಿಂದ ಅಂಟಿಸಿದ್ದ ಒಂದು ಚೀಟಿ ಕಂಡಿತು. ಆದಷ್ಟು ಕಡಿಮೆ ಕೊಯ್ಯಿರಿ, ನನ್ನ ಅಂಡಾಶಯಗಳನ್ನು ಮಾತ್ರ ತೆಗೆಯಬೇಡಿ, ನಾನೊಬ್ಬಳು ಹೆಣ್ಣು ಎನ್ನುವುದನ್ನು ಮರೆಯಬೇಡಿ ಎಂಬ ಅರ್ಥದ ಬೇಡಿಕೆ ಅದರಲ್ಲಿತ್ತು. ಆಕೆಯ ಹೆಸರು ಮರ್ಲಿನ್ ಮನ್ರೋ. ಜಗತ್ತಿನ ಗಂಡಸರೆಲ್ಲ ನೋಡಿ ಬಾಯಿ ಬಿಡುತ್ತಿದ್ದ ಆ ದೇಹದೊಳಗೆ ಪ್ರತಿ ತಿಂಗಳೂ ಎಂಥ ನೋವು ಏಳುತ್ತಿತ್ತು ಎನ್ನುವುದು ಆಗ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಆಕೆಗೆ ಎಂಡೋಮೆಟ್ರಿಯೋಸಿಸ್ ಇತ್ತೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ಮುಂದೆ 1959ರಲ್ಲಿ ಅದಕ್ಕಾಗಿಯೇ ಶಸ್ತ್ರಚಿಕಿತ್ಸೆಯೂ ಆಯಿತು. ಬಯಸಿದ ಮಗು ಮಾತ್ರ ಆಕೆಗೆ ದಕ್ಕಲಿಲ್ಲ.

ಅಪೆಂಡಿಕ್ಸಿಗೂ ಅಂಡಾಶಯಕ್ಕೂ ಏನು ಸಂಬಂಧ? ಪ್ರಜ್ಞೆ ತಪ್ಪಿಸಿ ಮಲಗಿಸಿದ ಹೆಣ್ಣಿನ ಹೊಟ್ಟೆ ತೆರೆದ ಮೇಲೆ ಅಲ್ಲಿ ಏನೇನು ಉಳಿಯಬೇಕು, ಏನೇನು ಹೋಗಬೇಕು ಎಂದು ತೀರ್ಮಾನಿಸುವವನು ಶಸ್ತ್ರವೈದ್ಯನೊಬ್ಬನೇ ಆಗಿದ್ದ ಕಾಲ ಅದು. ಎಚ್ಚರವಾದ ಬಳಿಕ ತನ್ನೊಳಗೆ ಏನಿಲ್ಲವೆಂದು ಕೇಳಿ ತಿಳಿಯಬೇಕಾಗಿದ್ದ ಹೆಂಗಸರು ಎಷ್ಟೋ ಮಂದಿ. ಮನ್ರೋಳ ಭಯಕ್ಕೆ ಆಧಾರವಿತ್ತು. ಆ ಚೀಟಿಯ ಹಿಂದೆ ನೂರೈವತ್ತು ವರ್ಷಗಳ ಒಂದು ಚರಿತ್ರೆ ಇದೆ. ಅದನ್ನು ತುಸು ಬಿಡಿಸಿ ನೋಡುವುದು ಇಲ್ಲಿ ನಮ್ಮ ಉದ್ದೇಶ.

ಮೊದಲು ರೋಗದ ಬಗ್ಗೆ ಎರಡು ಮಾತು. ಗರ್ಭಕೋಶದ ಒಳಗೋಡೆಗೆ ಒಂದು ಪದರವಿದೆ. ತಿಂಗಳು ತಿಂಗಳು ಅದು ದಪ್ಪಗಾಗುತ್ತದೆ, ಗರ್ಭ ನಿಲ್ಲದಿದ್ದರೆ ಕಳಚಿ ಮುಟ್ಟಿನ ರಕ್ತದೊಂದಿಗೆ ಹೊರಗೆ ಹೋಗುತ್ತದೆ. ಇದೇ ಬಗೆಯ ಅಂಗಾಂಶ ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯದಲ್ಲಿ, ಕಿಬ್ಬೊಟ್ಟೆಯ ಒಳಪೊರೆಯಲ್ಲಿ, ಕರುಳಿನ ಮೇಲೆ ಬೆಳೆಯುವುದೇ ಎಂಡೋಮೆಟ್ರಿಯೋಸಿಸ್. ಅಲ್ಲಿಯೂ ಅದು ತಿಂಗಳ ಲೆಕ್ಕ ತಪ್ಪಿಸುವುದಿಲ್ಲ, ರಕ್ತ ಒಸರುತ್ತದೆ. ಆದರೆ ಆ ರಕ್ತಕ್ಕೆ ಹೊರಗೆ ಹೋಗುವ ದಾರಿಯಿಲ್ಲ. ಅಂಡಾಶಯದಲ್ಲಾದರೆ ಅದು ಒಂದು ಚೀಲದಂತಾಗಿ, ಹಳೆಯ ರಕ್ತ ಅದರೊಳಗೆ ಕಪ್ಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ ಪಾಕದಂತೆ ಮಂದವಾಗುತ್ತದೆ. ವೈದ್ಯರು ಇದನ್ನು ಚಾಕಲೇಟ್ ಸಿಸ್ಟ್ ಎನ್ನುತ್ತಾರೆ. ಇಷ್ಟು ಘೋರವಾದ ನೋವಿಗೆ ಇಷ್ಟು ಸಿಹಿಯಾದ ಹೆಸರನ್ನು ಇಟ್ಟವರು ಅದನ್ನು ಅನುಭವಿಸಿದವರಂತೂ ಆಗಿರಲಾರರು.

ಸಂತಾನ ಹೊಂದುವ ಪ್ರಾಯದ ಹೆಂಗಸರಲ್ಲಿ ಹತ್ತರಲ್ಲೊಬ್ಬರಿಗೆ, ಲೋಕದಲ್ಲಿ ಸುಮಾರು 19 ಕೋಟಿ ಮಂದಿಗೆ ಈ ರೋಗವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆದರೂ ನಮ್ಮ ಮನೆಗಳಲ್ಲಿ ಇದಕ್ಕೊಂದು ಹೆಸರಿಲ್ಲ. ಇರುವುದು ಮುಟ್ಟಿನ ಹೊಟ್ಟೆನೋವು ಮಾತ್ರ. ಅದಕ್ಕೆ ಅಜ್ಜಿಯರ ಕಷಾಯವಿದೆ, ಬಿಸಿನೀರಿನ ಚೀಲವಿದೆ, ಮದುವೆಯಾದರೆ ಸರಿಯಾಗುತ್ತದೆ ಎಂಬ ಸಮಾಧಾನವಿದೆ. ಮದುವೆಯಾದ ಮೇಲೂ ಸರಿಯಾಗದಿದ್ದರೆ ಒಂದು ಹೆರಿಗೆ ಆಗಲಿ ಎಂಬ ಮಾತು. ಈ ಸಲಹೆ ಅಜ್ಜಿಯರದು ಮಾತ್ರವಲ್ಲ, ದೊಡ್ಡ ದೊಡ್ಡ ವೈದ್ಯಕೀಯ ಕಾಲೇಜುಗಳಿಂದಲೂ ಬಂದದ್ದು ಎನ್ನುವುದನ್ನು ಮುಂದೆ ನೋಡಲಿದ್ದೇವೆ.

ಅಂಡಾಶಯದ ಮೇಲೆ ಮೊದಲ ಯಶಸ್ವಿ ಶಸ್ತ್ರಚಿಕಿತ್ಸೆ ನಡೆದದ್ದು 1809ರ ಡಿಸೆಂಬರಿನಲ್ಲಿ, ಅಮೆರಿಕದ ಕೆಂಟಕಿಯ ಡ್ಯಾನ್‌ವಿಲ್ ಎಂಬ ಗಡಿಯೂರಿನಲ್ಲಿ. ಜೇನ್ ಟಾಡ್ ಕ್ರಾಫರ್ಡ್ ಎಂಬ ಹೆಂಗಸು ಹೊಟ್ಟೆಯ ಭಾರವನ್ನು ಹೊತ್ತುಕೊಂಡು ಕುದುರೆಯ ಮೇಲೆ ಅರುವತ್ತು ಮೈಲಿ ದಾರಿ ಬಂದಳು. ಎಫ್ರೇಮ್ ಮ್ಯಾಕ್‌ಡವೆಲ್ ತನ್ನ ಮನೆಯಲ್ಲೇ, ಅರಿವಳಿಕೆ ಎಂಬುದು ಇನ್ನೂ ಇಲ್ಲದ ಆ ಕಾಲದಲ್ಲಿ, 25 ನಿಮಿಷಗಳಲ್ಲಿ ಹತ್ತು ಕಿಲೋಗ್ರಾಂ ತೂಕದ ಗಡ್ಡೆಯನ್ನು ಹೊರತೆಗೆದ. ಆಕೆ ಆ ಹೊತ್ತಿನಲ್ಲಿ ದೇವರ ಸ್ತುತಿಗೀತೆ ಹಾಡುತ್ತಿದ್ದಳಂತೆ. ಮುಂದೆ ಮೂವತ್ತೆರಡು ವರ್ಷ ಬದುಕಿದಳು. ಇದು ಎಂಡೋಮೆಟ್ರಿಯೋಸಿಸ್ ಅಲ್ಲ, ಬೇರೆಯೇ ಬಗೆಯ ಗಡ್ಡೆ. ಆದರೆ ಹೆಣ್ಣಿನ ಹೊಟ್ಟೆ ತೆರೆದು ಅಂಡಾಶಯ ತೆಗೆದರೂ ಆಕೆ ಬದುಕಬಲ್ಲಳು ಎಂಬ ಧೈರ್ಯ ವೈದ್ಯಲೋಕಕ್ಕೆ ಬಂದದ್ದು ಇಲ್ಲಿಂದ. ಆತನ ಮುಂದಿನ ರೋಗಿಗಳಲ್ಲಿ ಗುಲಾಮಗಿರಿಯಲ್ಲಿದ್ದ ಕಪ್ಪು ಹೆಂಗಸರೂ ಇದ್ದರು. ಕ್ರಾಫರ್ಡಳ ಹೆಸರು ಚರಿತ್ರೆಗೆ ನೆನಪಿದೆ, ಅವರ ಹೆಸರನ್ನು ಬರೆದಿಡಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಧೈರ್ಯ ಬಂದ ಮೇಲೆ ದುಡುಕು ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. 1846ರಲ್ಲಿ ಈಥರ್ ಅರಿವಳಿಕೆ, 1867ರಲ್ಲಿ ಲಿಸ್ಟರನ ನಂಜುನಿವಾರಣೆ ಬಂದವು. 1872ರ ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಆಲ್ಫ್ರೆಡ್ ಹೆಗಾರ್, ಇಂಗ್ಲೆಂಡಿನ ಲಾಸನ್ ಟೇಟ್, ಅಮೆರಿಕದ ಜಾರ್ಜಿಯಾದ ರಾಬರ್ಟ್ ಬ್ಯಾಟಿ ಎಂಬ ಮೂವರು ಕೆಲವೇ ವಾರಗಳ ಅಂತರದಲ್ಲಿ, ಗಡ್ಡೆಯೇ ಇಲ್ಲದ ಅಂಡಾಶಯಗಳನ್ನು ನೋವಿಗೆಂದೋ ಮುಟ್ಟಿನ ಏರುಪೇರಿಗೆಂದೋ ತೆಗೆದುಹಾಕಿದರು. ಮುಟ್ಟೇ ನಿಂತರೆ ಮುಟ್ಟಿನ ತೊಂದರೆಯೂ ನಿಲ್ಲುತ್ತದೆ ಎನ್ನುವುದು ಬ್ಯಾಟಿಯ ತರ್ಕ. ಮರ ಕಡಿದರೆ ಎಲೆ ಉದುರುವ ಸಮಸ್ಯೆ ಇರುವುದಿಲ್ಲ ಎಂಬಂಥ ತರ್ಕ ಇದು. ಬ್ಯಾಟಿ ಆಪರೇಶನ್ ಎಂದೇ ಹೆಸರಾದ ಈ ಶಸ್ತ್ರಚಿಕಿತ್ಸೆ ಮುಂದಿನ ಎರಡು ಮೂರು ದಶಕಗಳಲ್ಲಿ ಸಾವಿರಾರು ಹೆಂಗಸರ ಮೇಲೆ ನಡೆಯಿತು. ಕಿಬ್ಬೊಟ್ಟೆ ನೋವಿಗೆ ಮಾತ್ರವಲ್ಲ, ಅಪಸ್ಮಾರಕ್ಕೆ, ಹಿಸ್ಟೀರಿಯಾಕ್ಕೆ, ಹುಚ್ಚಿಗೆ ಕೂಡ. ಎಷ್ಟೋ ಮಂದಿ ಸತ್ತರು. ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದ ಮೊದಲ ಮಹಿಳೆ ಎಲಿಜಬೆತ್ ಬ್ಲ್ಯಾಕ್‌ವೆಲ್ ಇದನ್ನು ಹೆಣ್ಣುಗಳ ಬೀಜ ಒಡೆಯುವ ಕೆಲಸವೆಂದು ನೇರವಾಗಿಯೇ ವಿರೋಧಿಸಿದರು.

ಅಂಡಾಶಯ ಏನು ಮಾಡುತ್ತದೆ ಎನ್ನುವುದು ಆಗ ಈ ವೈದ್ಯರಿಗೆ ಗೊತ್ತಿರಲಿಲ್ಲ. ಅದು ರಕ್ತಕ್ಕೆ ರಾಸಾಯನಿಕಗಳನ್ನು ಬಿಡುಗಡೆ ಮಾಡುವ ಗ್ರಂಥಿ ಎಂಬ ಪುರಾವೆ 1890ರ ದಶಕದಲ್ಲಿ ವಿಯೆನ್ನಾದ ಎಮಿಲ್ ಕ್ನಾವರ್ ಮೊಲಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಸಿಕ್ಕಿತು. ಈಸ್ಟ್ರೋಜನ್ ಹಾರ್ಮೋನನ್ನು ಬೇರ್ಪಡಿಸಿದ್ದು 1929ರಲ್ಲಿ. ಅಂದರೆ ಮೊದಲು ಅರ್ಧ ಶತಮಾನ ಕಾಲ ಕತ್ತರಿಸಿ ಹಾಕಿದರು, ಕತ್ತರಿಸಿದ್ದು ಏನೆಂದು ಆಮೇಲೆ ತಿಳಿದುಕೊಂಡರು. ಎಲುಬು ಸವೆದು, ಮೈ ಸುಟ್ಟಂತಾಗಿ, ನಿದ್ದೆಗೆಟ್ಟು, ಇಪ್ಪತ್ತೆಂಟು ಮೂವತ್ತರಲ್ಲೇ ಮುಪ್ಪು ಕಂಡ ಆ ಹೆಂಗಸರ ದೂರುಗಳನ್ನು ಮತ್ತೆ ಹಿಸ್ಟೀರಿಯಾದ ಲೆಕ್ಕಕ್ಕೇ ಸೇರಿಸಿರಬೇಕು.

ಬ್ಯಾಟಿಯ ಕಾಲದಲ್ಲಿ ಅಂಡಾಶಯ ಕಳಕೊಂಡವರಲ್ಲಿ ಎಷ್ಟು ಮಂದಿಗೆ ನಿಜಕ್ಕೂ ಎಂಡೋಮೆಟ್ರಿಯೋಸಿಸ್ ಇತ್ತು ಎಂದು ಇನ್ನು ಹೇಳುವ ಹಾಗಿಲ್ಲ. ರೋಗಕ್ಕೇ ಹೆಸರಿರಲಿಲ್ಲ. ಅಂಡಾಶಯದೊಳಗೆ ಗರ್ಭಕೋಶದ ಒಳಪದರದಂಥ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವರದಿ ಮಾಡಿದ್ದು 1899ರಲ್ಲಿ, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ರಸೆಲ್. ಅದೇ ಆಸ್ಪತ್ರೆಯಲ್ಲಿ ತರಬೇತಿ ಪಡೆದು ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ವೃತ್ತಿ ನಡೆಸುತ್ತಿದ್ದ ಜಾನ್ ಸ್ಯಾಂಪ್ಸನ್ ಎಂಬವರು 1921ರಲ್ಲಿ ಅಂಡಾಶಯದ ಚಾಕಲೇಟ್ ಗಡ್ಡೆಗಳ ಬಗ್ಗೆ ದೀರ್ಘವಾದ ಪ್ರಬಂಧ ಪ್ರಕಟಿಸಿದರು. ಈ ಗಡ್ಡೆಗಳು ಒಡೆದು, ಒಳಗಿದ್ದುದು ಹೊಟ್ಟೆಯೊಳಗೆ ಚೆಲ್ಲಿ, ಬಿದ್ದಲ್ಲೆಲ್ಲ ಬೀಜದಂತೆ ಬೇರೂರುತ್ತದೆ ಎಂದರು. ಆರು ವರ್ಷಗಳ ಬಳಿಕ, 1927ರಲ್ಲಿ, ಈ ಯೋಚನೆಯನ್ನು ಅವರೇ ತಿದ್ದಿ ಬೆಳೆಸಿದರು. ಮುಟ್ಟಿನ ರಕ್ತದ ಒಂದು ಪಾಲು ಹೊರಗೆ ಹೋಗದೆ, ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹೊಟ್ಟೆಯೊಳಗೆ ಹರಿಯುತ್ತದೆ, ಅದರೊಂದಿಗೆ ಹೋದ ಕಣಗಳು ಅಲ್ಲಿ ನೆಲೆಯೂರುತ್ತವೆ ಎಂಬ ವಾದ ಅದು. ರೋಗಕ್ಕೆ ಇಂದಿನ ಹೆಸರು ನೆಲೆಯಾದದ್ದೂ ಅವರಿಂದಲೇ.

ಸ್ಯಾಂಪ್ಸನ್ನರ ಸಿದ್ಧಾಂತ ಇಂದಿಗೂ ಬಹುಮಟ್ಟಿಗೆ ನಿಂತಿದೆ, ಆದರೆ ಕುಂಟುತ್ತಾ ನಿಂತಿದೆ. ಹಿಮ್ಮುಖ ಸ್ರಾವ ಹೆಚ್ಚುಕಡಿಮೆ ಎಲ್ಲ ಹೆಂಗಸರಲ್ಲೂ ಆಗುತ್ತದೆಂದು ಆಮೇಲೆ ಗೊತ್ತಾಯಿತು. ಹಾಗಿದ್ದರೆ ಹತ್ತರಲ್ಲೊಬ್ಬರಿಗೆ ಮಾತ್ರ ಯಾಕೆ? ವಂಶವಾಹಿ, ರೋಗನಿರೋಧಕ ಶಕ್ತಿ, ಉರಿಯೂತ ಎಂದು ಉತ್ತರಗಳು ಹಲವು. ಪೂರ್ಣ ಉತ್ತರ ಇನ್ನೂ ಇಲ್ಲ. ಇರಲಿ. ಅಂಡಾಶಯ ಕೆಲಸ ನಿಲ್ಲಿಸಿದರೆ ಈ ರೋಗವೂ ಬಾಡುತ್ತದೆ ಎನ್ನುವುದನ್ನು ಆ ತಲೆಮಾರಿನ ವೈದ್ಯರು ಗಮನಿಸಿದರು. ಅದು ಸರಿಯಾದ ವೀಕ್ಷಣೆಯೇ. ಅದರಿಂದ ಹೊರಟ ಚಿಕಿತ್ಸೆ ಮಾತ್ರ ಮತ್ತೆ ಬ್ಯಾಟಿಯ ಕತ್ತರಿಯೇ. ರೋಗ ತೀವ್ರವಾಗಿದ್ದರೆ ಗರ್ಭಕೋಶವನ್ನೂ ಎರಡೂ ಅಂಡಾಶಯಗಳನ್ನೂ ತೆಗೆಯುವುದು ಹಲವು ದಶಕಗಳ ಕಾಲ ಪರಿಪಾಠವಾಯಿತು. ಇದಕ್ಕೆ ನಿರ್ಣಾಯಕ ಶಸ್ತ್ರಚಿಕಿತ್ಸೆ ಎಂಬ ಗಂಭೀರ ಹೆಸರೂ ಇತ್ತು.

ಕತ್ತರಿ ಬೇಡವೆಂದವರು ಕೊಟ್ಟದ್ದು ಬೇರೊಂದು ಔಷಧಿ. 1930ರ ದಶಕದ ಕೊನೆಯಿಂದ ಬಾಸ್ಟನ್ನಿನ ಜೋ ಮೀಗ್ಸ್ ಎಂಬ ಹೆಸರಾಂತ ಸ್ತ್ರೀರೋಗ ತಜ್ಞರು, ಅನುಕೂಲಸ್ಥ ಮನೆತನದ ಹೆಣ್ಣುಮಕ್ಕಳು ತಡವಾಗಿ ಮದುವೆಯಾಗಿ ತಡವಾಗಿ ಹೆರುವುದೇ ಈ ರೋಗಕ್ಕೆ ಕಾರಣ, ಬೇಗ ಮದುವೆ, ಬೇಗ ಬಸಿರು ಇದಕ್ಕೆ ಪರಿಹಾರ ಎಂದು ಪ್ರತಿಪಾದಿಸಿದರು. ನಮ್ಮ ಅಜ್ಜಿಯರ ಸಲಹೆಗೂ ಹಾರ್ವರ್ಡಿನ ಪ್ರಾಧ್ಯಾಪಕರ ಸಲಹೆಗೂ ವ್ಯತ್ಯಾಸವೇನೂ ಉಳಿಯಲಿಲ್ಲ. ಮುಂದೆ ಇದು ಉದ್ಯೋಗಸ್ಥ ಹೆಣ್ಣಿನ ರೋಗ ಎಂಬ ಬಿರುದು ಪಡೆಯಿತು. ಓದಿದ್ದೂ ದುಡಿದದ್ದೂ ತಪ್ಪು ಎಂದು ಹೊಟ್ಟೆಯೊಳಗಿನ ಗಡ್ಡೆಯ ಮೂಲಕ ಹೇಳಿಸಿದಂತಾಯಿತು. ಬಸಿರಿನಲ್ಲಿ ಮುಟ್ಟು ನಿಂತು ನೋವು ತಾತ್ಕಾಲಿಕವಾಗಿ ತಗ್ಗಬಹುದು, ಆದರೆ ಬಸಿರು ಈ ರೋಗವನ್ನು ಗುಣಪಡಿಸುವುದಿಲ್ಲ.

ಇದರ ಇನ್ನೊಂದು ಮುಖ ಹೆಚ್ಚು ಕ್ರೂರವಾದದ್ದು. ಬಿಳಿಯ, ವಿದ್ಯಾವಂತ ಹೆಂಗಸರ ರೋಗವೆಂದು ಒಮ್ಮೆ ಬರೆದಿಟ್ಟ ಮೇಲೆ, ಅದೇ ನೋವಿನಿಂದ ಬಂದ ಕಪ್ಪು ಹೆಣ್ಣಿಗೆ ಬೇರೆ ಹಣೆಪಟ್ಟಿ ಸಿಗುತ್ತಿತ್ತು. ಲೈಂಗಿಕ ಸಂಪರ್ಕದಿಂದ ಹತ್ತಿದ ಸೋಂಕಿನಿಂದ ಕಿಬ್ಬೊಟ್ಟೆ ಬಾತಿದೆ ಎನ್ನುವುದು ಅದು. 1976ರಲ್ಲಿ ಶಿಕಾಗೋದ ಕಪ್ಪು ವೈದ್ಯ ಡೊನಾಲ್ಡ್ ಚಾಟ್‌ಮನ್, ಲ್ಯಾಪರೋಸ್ಕೋಪಿ ಮಾಡಿ ನೋಡಿದ ಕಪ್ಪು ಹೆಂಗಸರಲ್ಲಿ ಐದರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ಎಂಡೋಮೆಟ್ರಿಯೋಸಿಸ್ ಇದ್ದುದನ್ನು ತೋರಿಸಿದರು. ಸೋಂಕೆಂದು ತಪ್ಪಾಗಿ ಚಿಕಿತ್ಸೆ ಪಡೆದವರು ಅವರಲ್ಲಿ ಅನೇಕರು. ರೋಗಕ್ಕೆ ಬಣ್ಣವಿರಲಿಲ್ಲ, ನೋಡುವ ಕಣ್ಣಿಗಿತ್ತು.

ರೋಗಿಯ ಬಾಯಿಂದ ಈ ಚರಿತ್ರೆಯನ್ನು ಕೇಳಬೇಕಿದ್ದರೆ ಇಂಗ್ಲಿಷ್ ಕಾದಂಬರಿಗಾರ್ತಿ ಹಿಲರಿ ಮ್ಯಾಂಟೆಲ್ ಅವರತ್ತ ಹೋಗಬೇಕು. ಎರಡು ಬಾರಿ ಬುಕರ್ ಪ್ರಶಸ್ತಿ ಪಡೆದ ಈಕೆ 2003ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ತನ್ನ ದೇಹದ ಕತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಹದಿಹರೆಯದಿಂದಲೇ ಅವರಿಗೆ ನೋವಿತ್ತು. ವಿದ್ಯಾರ್ಥಿನಿಯಾಗಿದ್ದಾಗ ಕಾಲುನೋವು, ಹೊಟ್ಟೆನೋವು ಎಂದು ಹೋದರೆ ವೈದ್ಯರು ಮಾನಸಿಕ ಚಿಕಿತ್ಸೆಗೆ ಕಳಿಸಿದರು. ಖಿನ್ನತೆಯ ಗುಳಿಗೆ ಕೊಟ್ಟರು, ಅದರಿಂದ ತಲೆ ಕೆಟ್ಟಂತಾದಾಗ ಹುಚ್ಚಿನ ಗುಳಿಗೆ ಕೊಟ್ಟರು. ಬರೆಯುವುದನ್ನು ಬಿಡು ಎಂಬ ಸಲಹೆಯೂ ಸಿಕ್ಕಿತು. ನಮ್ಮ ಪುಣ್ಯ, ಆಕೆ ಕೇಳಲಿಲ್ಲ. ಗಂಡನ ಕೆಲಸದ ನಿಮಿತ್ತ ಆಫ್ರಿಕದ ಬೋಟ್ಸ್‌ವಾನದಲ್ಲಿದ್ದಾಗ ವೈದ್ಯಕೀಯ ಪಠ್ಯಪುಸ್ತಕವೊಂದನ್ನು ತೆರೆದು ತನಗಿರುವ ರೋಗ ಯಾವುದೆಂದು ತಾನೇ ಕಂಡುಕೊಂಡರು. ಹತ್ತಾರು ವೈದ್ಯರು ಕಾಣದೇ ಹೋದದ್ದು ಪುಸ್ತಕ ಓದಿದ ರೋಗಿಗೆ ಕಂಡಿತು.

1979ರ ಕೊನೆಗೆ ಲಂಡನ್ನಿನಲ್ಲಿ ಆಕೆಯ ಹೊಟ್ಟೆ ತೆರೆದರು. ಗರ್ಭಕೋಶ, ಅಂಡಾಶಯ ಎಲ್ಲವೂ ಹೋದವು. ಆಗ ವಯಸ್ಸು ಇಪ್ಪತ್ತೇಳು. ಆಮೇಲೆ ಹಾರ್ಮೋನಿನ ಔಷಧಿಗಳು, ಅದರಿಂದ ಗುರುತು ಸಿಗದಷ್ಟು ಊದಿಕೊಂಡ ಶರೀರ, ಹಿಂತಿರುಗಿ ಬಂದ ನೋವು. ಮದುವೆ ಮುರಿಯಿತು, ಸ್ವಲ್ಪ ಕಾಲದ ಬಳಿಕ ಅದೇ ಗಂಡನನ್ನು ಮತ್ತೆ ಮದುವೆಯಾದರು, ಅವರೊಂದಿಗೆ ಸೌದಿಯ ಜಿದ್ದಾದಲ್ಲಿ ಕೆಲವು ವರ್ಷ ಇದ್ದರು. ಜಿದ್ದಾದ ಆ ಮುಚ್ಚಿದ ಕೋಣೆಗಳಿಂದ ಮುಂದೆ ಒಂದು ಕಾದಂಬರಿಯೂ ಹುಟ್ಟಿತು. ಆದರೆ ಆತ್ಮಕಥನದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ಹುಟ್ಟದೇ ಹೋದ ಒಬ್ಬ ಮಗಳಿಗೆ ಆಕೆ ಕ್ಯಾಟ್ರಿಯೋನ ಎಂದು ಹೆಸರಿಟ್ಟುಕೊಂಡಿದ್ದರು. ಮಕ್ಕಳು ಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲೇ ಆ ತೀರ್ಮಾನ ತನ್ನ ಕೈಮೀರಿ ಆಗಿಹೋಯಿತು ಎಂಬ ಕೊರಗು ಆ ಹೆಸರಿನಲ್ಲಿದೆ. ಶಸ್ತ್ರಚಿಕಿತ್ಸೆಯ ಪರಿಣಾಮಗಳನ್ನು ಪಟ್ಟಿ ಮಾಡುವ ವೈದ್ಯಕೀಯ ಪ್ರಬಂಧಗಳಲ್ಲಿ ಇಂಥದ್ದಕ್ಕೆ ಅಂಕಣವಿರುವುದಿಲ್ಲ. ಮ್ಯಾಂಟೆಲ್ 2022ರಲ್ಲಿ ತೀರಿಕೊಂಡರು.

ಮ್ಯಾಂಟೆಲ್ ಮೇಜಿನ ಮೇಲೆ ಮಲಗಿದ್ದ ಹೊತ್ತಿಗೇ ಶಸ್ತ್ರಚಿಕಿತ್ಸೆಯ ದಾರಿ ಬದಲಾಗತೊಡಗಿತ್ತು. ಹೊಕ್ಕುಳ ಬಳಿ ಸಣ್ಣ ತೂತು ಮಾಡಿ ಕೊಳವೆ ತೂರಿಸಿ ಒಳಗೆ ನೋಡುವ ಲ್ಯಾಪರೋಸ್ಕೋಪಿಯನ್ನು ಸ್ತ್ರೀರೋಗಕ್ಕೆ ಒಗ್ಗಿಸಿದವರು 1940ರ ದಶಕದ ಪ್ಯಾರಿಸಿನ ರಾವುಲ್ ಪಾಮರ್. ಇಂಗ್ಲೆಂಡಿನಲ್ಲಿ ಇದನ್ನು ಬೆಳೆಸಿದ ಪ್ಯಾಟ್ರಿಕ್ ಸ್ಟೆಪ್ಟೋ ಅದೇ ಕೊಳವೆಯ ಮೂಲಕ ಅಂಡಾಣು ಹೊರತೆಗೆದು, ರಾಬರ್ಟ್ ಎಡ್ವರ್ಡ್ಸ್ ಜೊತೆಗೂಡಿ 1978ರಲ್ಲಿ ಮೊದಲ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾದರು. ಜರ್ಮನಿಯ ಕೀಲ್ ನಗರದ ಕುರ್ಟ್ ಸೆಮ್ ನೋಡುವ ಉಪಕರಣವನ್ನು ಕೊಯ್ಯುವ, ಹೊಲಿಯುವ, ರಕ್ತ ನಿಲ್ಲಿಸುವ ಉಪಕರಣವನ್ನಾಗಿ ಮಾಡಿದರು. ಅವರ ತಲೆ ನೆಟ್ಟಗಿದೆಯೇ ಎಂದು ಮಿದುಳಿನ ತಪಾಸಣೆ ಮಾಡಿಸಿಕೊಳ್ಳಲು ಸಹೋದ್ಯೋಗಿಗಳೇ ಒತ್ತಾಯಿಸಿದ್ದರೆಂಬ ಕತೆಯಿದೆ. ಹೊಟ್ಟೆಯನ್ನು ಉದ್ದಕ್ಕೆ ಸೀಳಬೇಕಾಗಿಲ್ಲ, ವಾರಗಟ್ಟಲೆ ಹಾಸಿಗೆ ಹಿಡಿಯಬೇಕಾಗಿಲ್ಲ ಎಂದಾದಾಗ ಚಾಕಲೇಟ್ ಗಡ್ಡೆಯನ್ನು ಮಾತ್ರ ಬಿಡಿಸಿ ಅಂಡಾಶಯವನ್ನು ಉಳಿಸುವ ಆಸೆ ಮೂಡಿತು. 1980, 90ರ ದಶಕಗಳಲ್ಲಿ ಇದು ಎಲ್ಲೆಡೆ ಹಬ್ಬಿತು.

ಗಡ್ಡೆಗೆ ಏನು ಮಾಡಬೇಕು? ತೂತು ಮಾಡಿ ಒಳಗಿನ ರಕ್ತ ಬಸಿದು ಗೋಡೆಯನ್ನು ಸುಟ್ಟುಬಿಡುವುದು ಒಂದು ದಾರಿ. ಕಿತ್ತಳೆಯ ಸಿಪ್ಪೆ ಬಿಡಿಸುವಂತೆ ಗಡ್ಡೆಯ ಪೊರೆಯನ್ನೇ ಅಂಡಾಶಯದಿಂದ ಎಳೆದು ತೆಗೆಯುವುದು ಇನ್ನೊಂದು. 1998ರಲ್ಲಿ ಇಟಲಿಯ ಬೆರೆಟ್ಟಾ ಮತ್ತು ಸಂಗಡಿಗರು 64 ಹೆಂಗಸರನ್ನು ಎರಡು ಗುಂಪು ಮಾಡಿ ಹೋಲಿಸಿ ನೋಡಿದರು. ಪೊರೆ ತೆಗೆಸಿಕೊಂಡ, ಮಗು ಬಯಸಿದ್ದ ಹೆಂಗಸರಲ್ಲಿ ಎರಡು ವರ್ಷದೊಳಗೆ ಶೇ. 66ಕ್ಕಿಂತ ಹೆಚ್ಚು ಮಂದಿ ಬಸಿರಾದರೆ, ಬಸಿದು ಸುಟ್ಟ ಗುಂಪಿನಲ್ಲಿ ಶೇ. 23ರಷ್ಟು ಮಾತ್ರ. ನೋವು ಮರಳಿದ್ದೂ ಮೊದಲ ಗುಂಪಿನಲ್ಲಿ ಕಡಿಮೆ. 2004ರಲ್ಲಿ ಇರಾನಿನ ಶಿರಾಜ್ ನಗರದ ಸಯೀದ್ ಅಲ್ಬೊರ್ಜಿ ಮತ್ತು ಸಂಗಡಿಗರು ನೂರು ಹೆಂಗಸರ ಮೇಲೆ ನಡೆಸಿದ ಅಧ್ಯಯನವೂ ಇದನ್ನೇ ಹೇಳಿತು. ಹಾಫಿಜ್, ಸಾದಿ ಕವಿಗಳ ಊರೆಂದು ನಾವು ಬಲ್ಲ ಶಿರಾಜ್, ಜಗತ್ತಿನ ಸ್ತ್ರೀರೋಗ ಚಿಕಿತ್ಸೆಯ ಮಾರ್ಗದರ್ಶಿಗಳಲ್ಲಿ ಈ ಅಧ್ಯಯನದಿಂದಾಗಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಪೊರೆ ಬಿಡಿಸುವುದೇ ಸರಿಯೆಂಬ ತೀರ್ಮಾನ ಗಟ್ಟಿಯಾಯಿತು.

ಆದರೆ ಒಂದು ಹಳೆಯ ಎಚ್ಚರಿಕೆಯನ್ನು ಎಲ್ಲರೂ ಮರೆತಿದ್ದರು. 1957ರಲ್ಲಿ ಹ್ಯೂಸ್‌ಡನ್ ಎಂಬ ಬ್ರಿಟಿಷ್ ರೋಗಶಾಸ್ತ್ರಜ್ಞರು ಚಾಕಲೇಟ್ ಗಡ್ಡೆಗಳನ್ನು ಪದರ ಪದರವಾಗಿ ಕೊಯ್ದು ನೋಡಿ, ಬಹುಪಾಲು ಗಡ್ಡೆಗಳ ಗೋಡೆ ಬೇರೇನೂ ಅಲ್ಲ, ಒಳಕ್ಕೆ ಮಡಚಿಕೊಂಡ ಅಂಡಾಶಯದ ಹೊರಪದರವೇ ಎಂದು ತೋರಿಸಿದ್ದರು. ಮಿಕ್ಕ ಗಡ್ಡೆಗಳು ಅಂಡಾಶಯದೊಳಗೆ ಬಂದು ಕುಳಿತ ಬಾಡಿಗೆದಾರರಾದರೆ ಇದು ಮನೆಯ ಗೋಡೆಯೇ. ಅಂಡಾಣುಗಳ ದಾಸ್ತಾನು ಇರುವುದು ಆ ಗೋಡೆಯಲ್ಲಿ. ಪೊರೆಯನ್ನು ಎಳೆದರೆ ದಾಸ್ತಾನೂ ಬರುತ್ತದೆ. 2002ರಲ್ಲಿ ಇಟಲಿಯ ಮುಜ್ಜಿ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಪೊರೆಗಳನ್ನು ಪರೀಕ್ಷಿಸಿದಾಗ ಚಾಕಲೇಟ್ ಗಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಅಂಡಾಶಯದ ಅಂಗಾಂಶ ಅಂಟಿಕೊಂಡು ಬಂದಿತ್ತು. ಬೇರೆ ಬಗೆಯ ಗಡ್ಡೆಗಳಲ್ಲಿ ಇದು ಶೇ. 6 ಮಾತ್ರ. ಅದೇ ವರ್ಷ ಜಪಾನಿನಿಂದಲೂ ಇಂಥದೇ ವರದಿ ಬಂತು.

ಹೆಣ್ಣುಮಗು ಹುಟ್ಟುವಾಗಲೇ ತನ್ನ ಪಾಲಿನ ಅಂಡಾಣುಗಳೊಂದಿಗೆ, ಹತ್ತಿಪ್ಪತ್ತು ಲಕ್ಷದ ಲೆಕ್ಕದಲ್ಲಿ, ಹುಟ್ಟುತ್ತದೆ. ಮೈನೆರೆಯುವಾಗ ಉಳಿಯುವುದು ಮೂರು ನಾಲ್ಕು ಲಕ್ಷ. ಆಮೇಲೆ ಇಳಿಮುಖವೇ ಹೊರತು ಹೊಸದಾಗಿ ಹುಟ್ಟುವುದಿಲ್ಲ. ಖರ್ಚಿಗಷ್ಟೇ ಹಣ, ಜಮೆಯಿಲ್ಲದ ಖಾತೆ ಇದು. ಈ ಖಾತೆಯಲ್ಲಿ ಎಷ್ಟು ಉಳಿದಿದೆ ಎಂದು ರಕ್ತಪರೀಕ್ಷೆಯಿಂದ ಅಂದಾಜು ಮಾಡಬಹುದು, ಎ.ಎಂ.ಎಚ್. ಎಂಬ ಹಾರ್ಮೋನಿನ ಪ್ರಮಾಣ ಅಳೆದು. ಚಾಕಲೇಟ್ ಗಡ್ಡೆ ತೆಗೆಸಿಕೊಂಡ ಬಳಿಕ ಇದು ಸರಾಸರಿ ಶೇ. 38ರಷ್ಟು ಕುಸಿಯುತ್ತದೆಂದು 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ತೋರಿಸಿತು. ಎರಡೂ ಬದಿಯ ಗಡ್ಡೆ ತೆಗೆಸಿಕೊಂಡ 126 ಮಂದಿಯಲ್ಲಿ ಮೂವರಿಗೆ ಅಂಡಾಶಯಗಳು ಕೆಲಸವನ್ನೇ ನಿಲ್ಲಿಸಿದ್ದವು ಎಂದು ಇಟಲಿಯ ಬುಸಾಕ್ಕಾ ತಂಡ 2006ರಲ್ಲಿ ವರದಿ ಮಾಡಿತು. ಶೇಕಡಾವಾರು ಲೆಕ್ಕದಲ್ಲಿ ಸಣ್ಣ ಸಂಖ್ಯೆ. ಆ ಮೂವರಿಗೆ ಅದು ನೂರಕ್ಕೆ ನೂರು.

ಹಾಗೆಂದು ಶಸ್ತ್ರಚಿಕಿತ್ಸೆಯೇ ತಪ್ಪು ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವರು ಈ ನೋವನ್ನು ಕಂಡವರಲ್ಲ. ಮೂತ್ರಕ್ಕೆ ಹೋದರೂ ನೋವು, ಮಲವಿಸರ್ಜನೆಗೂ ನೋವು, ಗಂಡನ ಬಳಿ ಮಲಗಿದರೂ ನೋವು ಎಂಬ ಸ್ಥಿತಿಯಿಂದ ಬಿಡುಗಡೆ ಪಡೆದು, ವರ್ಷಗಳ ಬಳಿಕ ಬೆನ್ನು ನೇರ ಮಾಡಿ ಕುಳಿತ ಹೆಂಗಸರೂ ಸಾಕಷ್ಟಿದ್ದಾರೆ. ಗಡ್ಡೆ ದೊಡ್ಡದಾದರೆ, ಒಡೆದರೆ, ಕ್ಯಾನ್ಸರಿನ ಸಂಶಯ ಬಂದರೆ ಕೊಯ್ಯದೆ ವಿಧಿಯಿಲ್ಲ. ಆದರೆ ಒಮ್ಮೆ ಕೊಯ್ದರೆ ಮುಗಿಯಿತೆಂದು ತಿಳಿಯುವುದೂ ತಪ್ಪು. ಶಸ್ತ್ರಚಿಕಿತ್ಸೆಯಾದ ಎರಡು ವರ್ಷದಲ್ಲಿ ಐದರಲ್ಲೊಬ್ಬರಿಗೆ, ಐದು ವರ್ಷದಲ್ಲಿ ನೂರಕ್ಕೆ ನಲುವತ್ತರಿಂದ ಐವತ್ತು ಮಂದಿಗೆ ರೋಗ ಮರಳುತ್ತದೆ. ಹಾರ್ಮೋನಿನ ಗುಳಿಗೆಯನ್ನು ಬಿಡದೆ ಮುಂದುವರಿಸಿದರೆ ಮರುಕಳಿಕೆ ಗಣನೀಯವಾಗಿ ತಗ್ಗುತ್ತದೆ. ನಮ್ಮಲ್ಲಿ ಎಷ್ಟೋ ಮಂದಿ ಟಾಂಕೆ ಬಿಚ್ಚಿಸಿಕೊಂಡ ಮೇಲೆ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಮದುವೆಯಾಗದ ಹುಡುಗಿಗೆ ಗರ್ಭನಿರೋಧಕ ಗುಳಿಗೆ ಕೊಡಲು ಮನೆಯವರು ಒಪ್ಪುವುದಿಲ್ಲ, ಗುಳಿಗೆಯ ಹೆಸರೇ ಅವರನ್ನು ಹೆದರಿಸುತ್ತದೆ. ಹೀಗೆ ಎರಡನೆಯ ಶಸ್ತ್ರಚಿಕಿತ್ಸೆ, ಮೂರನೆಯದು. ಪ್ರತಿ ಸಲವೂ ಆ ಖಾತೆಯಿಂದ ಇನ್ನಷ್ಟು ಖರ್ಚು.

ಎರಡೂ ಅಂಡಾಶಯಗಳನ್ನು ತೆಗೆಯುವುದರ ಬೆಲೆ ಏನೆಂದು ಈಗ ಸಾಕಷ್ಟು ಗೊತ್ತಿದೆ. 45 ವರ್ಷಕ್ಕಿಂತ ಮೊದಲೇ ಎರಡೂ ಅಂಡಾಶಯ ತೆಗೆಸಿಕೊಂಡು ಈಸ್ಟ್ರೋಜನ್ ಪಡೆಯದೇ ಉಳಿದ ಹೆಂಗಸರಲ್ಲಿ ಸಾವಿನ ಪ್ರಮಾಣ ಹೆಚ್ಚೆಂದು ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದರು. ಎಲುಬು, ಹೃದಯ, ನೆನಪಿನ ಶಕ್ತಿ ಎಲ್ಲದರ ಮೇಲೂ ಅದರ ನೆರಳು ಬೀಳುತ್ತದೆ. ಬ್ಯಾಟಿಯ ಕಾಲದ ಹೆಂಗಸರು ಹೇಳಿದ್ದಕ್ಕೆ ಪುರಾವೆ ಸಿಗಲು ನೂರಮೂವತ್ತು ವರ್ಷ ಬೇಕಾಯಿತು.

ಇಷ್ಟೆಲ್ಲ ಪಾಶ್ಚಾತ್ಯರ ಕತೆ ಎಂದು ಸುಮ್ಮನಿರುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 3ಕ್ಕಿಂತ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡವರು. ಮೂರರಲ್ಲಿ ಎರಡು ಭಾಗ ಆಗಿರುವುದು ಖಾಸಗಿ ಆಸ್ಪತ್ರೆಗಳಲ್ಲಿ. ತೆಗೆಸಿಕೊಂಡಾಗಿನ ವಯಸ್ಸು ಮೂವತ್ತನಾಲ್ಕರ ಆಸುಪಾಸು. 2015ರಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು ಬೀದಿಗಿಳಿದು ಹೇಳಿದ್ದು ಇದನ್ನೇ. ಸೊಂಟನೋವೆಂದು, ಬಿಳಿ ಸೆರಗೆಂದು, ಹೊಟ್ಟೆನೋವೆಂದು ಹೋದವರಿಗೆ ಗರ್ಭಕೋಶ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆಂದು ಹೆದರಿಸಲಾಗಿತ್ತು. ಸಾಲ ಮಾಡಿ, ದನ ಮಾರಿ ಕೊಟ್ಟ ಹಣದಲ್ಲಿ ಅವರು ಕೊಂಡದ್ದು ಅಕಾಲ ಮುಪ್ಪು. ಅವರಲ್ಲಿ ಯಾರಿಗೆ ಎಂಡೋಮೆಟ್ರಿಯೋಸಿಸ್ ಇತ್ತು, ಯಾರಿಗೆ ಬರೀ ಸೋಂಕಿತ್ತು, ಯಾರಿಗೆ ಏನೂ ಇರಲಿಲ್ಲ? ಪತ್ತೆ ಮಾಡುವ ಗೋಜಿಗೆ ಹೋಗದೆ ಕೊಯ್ದ ಮೇಲೆ ತಿಳಿಯುವುದು ಹೇಗೆ? ದೇಶದ ಬೇರೆ ರಾಜ್ಯಗಳ ಇಂಥ ಪ್ರಕರಣಗಳ ಬಗ್ಗೆ ಡಾ. ನರೇಂದ್ರ ಗುಪ್ತಾ ಅವರು ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು.

ಪಟ್ಟಣದ ಮಧ್ಯಮವರ್ಗದ ಕತೆ ಬೇರೆ. ಅಲ್ಲಿ ಕತ್ತರಿಗೆ ಸಂತಾನ ಚಿಕಿತ್ಸಾ ಕೇಂದ್ರದ ನೆರವಿದೆ. ಮದುವೆಯಾಗಿ ಎರಡು ವರ್ಷಕ್ಕೆ ಸೊಸೆ ಬಸಿರಾಗದಿದ್ದರೆ ಸ್ಕ್ಯಾನಿಂಗ್, ಸ್ಕ್ಯಾನಿಂಗಿನಲ್ಲಿ ಚಾಕಲೇಟ್ ಗಡ್ಡೆ, ಗಡ್ಡೆ ಕಂಡ ಕೂಡಲೇ ಶಸ್ತ್ರಚಿಕಿತ್ಸೆಯ ದಿನ ನಿಗದಿ. ಹತ್ತು ವರ್ಷ ಅವಳು ನೋವೆಂದು ಹೇಳಿದಾಗ ಯಾರೂ ಸ್ಕ್ಯಾನಿಂಗಿಗೆ ಕರೆದೊಯ್ಯಲಿಲ್ಲ, ಮಗು ಆಗಲಿಲ್ಲವೆಂದಾಗ ಒಂದೇ ವಾರದಲ್ಲಿ ಕರೆದೊಯ್ದರು. ಹೆಣ್ಣಿನ ನೋವಿಗೆ ಇಲ್ಲದ ತುರ್ತು ಅವಳ ಬಸಿರಿಗಿದೆ. ರೋಗ ಪತ್ತೆಯಾಗಲು ಸರಾಸರಿ ಹಲವು ವರ್ಷ ಹಿಡಿಯುವುದು ಲೋಕದ ಎಲ್ಲೆಡೆಯೂ ಇದೆ, ನಮ್ಮಲ್ಲಿ ಅದಕ್ಕೆ ನಾಚಿಕೆಯೂ ಸೇರಿಕೊಂಡಿದೆ.

ಯುರೋಪಿನ ಸಂತಾನ ವೈದ್ಯರ ಸಂಘ 2022ರಲ್ಲಿ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿತು. ರೋಗ ಪತ್ತೆಗೆ ಎಲ್ಲರಿಗೂ ಲ್ಯಾಪರೋಸ್ಕೋಪಿ ಬೇಕಿಲ್ಲ, ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಚಿತ್ರದಲ್ಲಿ ಏನೂ ಕಾಣದಿದ್ದಾಗ ಅಥವಾ ಔಷಧಿಗೆ ನೋವು ಬಗ್ಗದಿದ್ದಾಗ ಮಾತ್ರ ಸಾಕು ಎಂದಿತು. ಪ್ರನಾಳ ಶಿಶು ಚಿಕಿತ್ಸೆಗೆ ಮೊದಲು ಗಡ್ಡೆಯನ್ನು ತೆಗೆದೇ ತೀರಬೇಕೆಂಬ ರೂಢಿಯನ್ನೂ ಅದು ಒಪ್ಪಲಿಲ್ಲ. ಹಾಗೆ ತೆಗೆದರೆ ಬಸಿರಿನ ಸಾಧ್ಯತೆ ಹೆಚ್ಚುವುದಿಲ್ಲ, ದಾಸ್ತಾನು ಮಾತ್ರ ಕರಗುತ್ತದೆ. ಪೊರೆ ಎಳೆಯುವ ಬದಲು ಲೇಸರಿನಿಂದ ಆವಿ ಮಾಡುವುದು, ಆಲ್ಕೊಹಾಲ್ ಹಾಯಿಸಿ ಒಣಗಿಸುವುದು ಮುಂತಾದ ಮೆದು ದಾರಿಗಳ ಪ್ರಯೋಗವೂ ನಡೆದಿದೆ. ಅವುಗಳಲ್ಲಿ ಗೆಲ್ಲುವುದು ಯಾವುದೆಂದು ಕಾಲ ಹೇಳಬೇಕು.

ಸದ್ಯಕ್ಕೆ ಶಸ್ತ್ರಚಿಕಿತ್ಸೆಯ ಮುನ್ನಾ ದಿನ ಸಹಿಗೆಂದು ಮುಂದಿಡುವ ಒಪ್ಪಿಗೆ ಪತ್ರವನ್ನೇ ನೋಡೋಣ. ಅದು ಎಷ್ಟೋ ಕಡೆ ಇಂಗ್ಲಿಷಿನಲ್ಲಿರುತ್ತದೆ, ಸಹಿ ಹಾಕುವವನು ಗಂಡ ಅಥವಾ ತಂದೆ. ಈಗ ಎ.ಎಂ.ಎಚ್. ಎಷ್ಟಿದೆ, ಆಮೇಲೆ ಎಷ್ಟು ಉಳಿಯಬಹುದು, ಗಡ್ಡೆ ಒಂದೇ ಬದಿಯೋ ಎರಡೂ ಬದಿಯೋ, ಹೊಟ್ಟೆ ತೆರೆದ ಮೇಲೆ ಅಂಡಾಶಯವನ್ನೇ ತೆಗೆಯಬೇಕೆಂದು ಕಂಡರೆ ಎಬ್ಬಿಸಿ ಕೇಳುತ್ತೀರೋ ಇಲ್ಲವೋ, ತೆಗೆದರೆ ಹಾರ್ಮೋನು ಕೊಡುತ್ತೀರೋ, ಎಷ್ಟು ವರ್ಷ. ಇಷ್ಟನ್ನು ಕನ್ನಡದಲ್ಲಿ, ರೋಗಿಗೇ, ಅವಳ ಕಣ್ಣು ನೋಡಿ ಹೇಳಲು ಹತ್ತು ನಿಮಿಷ ಸಾಕು. 1952ರಲ್ಲಿ ಮರ್ಲಿನ್ ಮನ್ರೋ ಹೊಟ್ಟೆಗೆ ಚೀಟಿ ಅಂಟಿಸಿಕೊಂಡದ್ದು ಈ ಹತ್ತು ನಿಮಿಷ ಆಕೆಗೆ ಸಿಗದೆ ಹೋದುದರಿಂದ ಇರಬೇಕು. ಅಂದಹಾಗೆ, ಅಂದು ವೈದ್ಯರು ಆಕೆಯ ಮಾತು ನಡೆಸಿಕೊಟ್ಟರು. ಅಪೆಂಡಿಕ್ಸ್ ಮಾತ್ರ ತೆಗೆದು ಹೊಲಿದರು.